ಛಾಪಾ ಕಾಗದದ ರಾಜಿಯನ್ನು ನಂಬಬೇಡಿ: ಕಾರ್ಮಿಕರ ವಿಮೆ ಮಾಡಿಸದ ಸಣ್ಣ ಮಾಲೀಕರಿಗೆ ಎಚ್ಚರಿಕೆ

ಐದಾರು ಜನರನ್ನು ಇಟ್ಟುಕೊಂಡು ಫ್ಯಾಬ್ರಿಕೇಶನ್ ಶೆಡ್, ಪ್ರೆಸ್ ಶಾಪ್, ಸಾ ಮಿಲ್, ಗ್ರಾನೈಟ್ ಕಟಿಂಗ್ ನಡೆಸುವವರು, ಸಣ್ಣಪುಟ್ಟ ಕಟ್ಟಡ ಗುತ್ತಿಗೆ ಹಿಡಿಯುವವರು ಇದನ್ನು ದಯವಿಟ್ಟು ಪೂರ್ತಿ ಓದಿ. "ನಮ್ಮಲ್ಲಿ ಹತ್ತು ಜನ ಇಲ್ಲ, ಇಎಸ್‌ಐ (ನೌಕರರ ರಾಜ್ಯ ವಿಮಾ ಯೋಜನೆ) ಬರಲ್ಲ, ಅಂದ್ಮೇಲೆ ನಮಗ್ಯಾಕೆ ಇದೆಲ್ಲ" ಎನ್ನುವ ಮಾತು ಪ್ರತಿ ಕೈಗಾರಿಕಾ ಪ್ರದೇಶದಲ್ಲೂ ಕೇಳಿಬರುತ್ತದೆ. ಮೊದಲರ್ಧ ಸರಿ, ಕೊನೆಯ ಮಾತು ಮನೆ ಮುರಿಯುವಂಥದ್ದು. ಇಎಸ್‌ಐ ಬರದ ಕಡೆಯೇ ಅಪಘಾತ ಪರಿಹಾರದ ಪೂರ್ತಿ ಹೊಣೆ ಮಾಲೀಕನ ತಲೆಯ ಮೇಲೆ ಕೂರುತ್ತದೆ. ಅದಕ್ಕೆ ಒಬ್ಬನೇ ಕೆಲಸಗಾರ ಇದ್ದರೂ ಸಾಕು. ದಿನಗೂಲಿಯವನು, ನಿನ್ನೆಯಷ್ಟೇ ಸೇರಿದವನು ಎಂಬ ಭೇದವೂ ಇಲ್ಲ.

ಒಂದು ಪ್ರಕರಣ ನೋಡಿ. ಹೆಸರು, ಊರು ಬೇಡ. ಇಂಥವು ಎಲ್ಲ ಕಡೆ ಹೆಚ್ಚುಕಡಿಮೆ ಇದೇ ದಾರಿಯಲ್ಲಿ ಸಾಗುತ್ತವೆ. ಆರು ಜನರ ಫ್ಯಾಬ್ರಿಕೇಶನ್ ಶೆಡ್. ಮಳೆಗಾಲಕ್ಕೆ ಮುಂಚೆ ಸೋರುವ ಸಿಮೆಂಟ್ ಶೀಟು ಬದಲಿಸಲು 30 ವರ್ಷದ ಹೆಲ್ಪರ್ ಒಬ್ಬನನ್ನು ಮೇಲೆ ಹತ್ತಿಸಿದರು. ಅಡ್ಡಹಲಗೆ ಇಲ್ಲ, ಸೊಂಟಕ್ಕೆ ಬೆಲ್ಟ್ ಇಲ್ಲ. ಹಳೆಯ ಶೀಟು ಕಾಲ ಕೆಳಗೆ ಮುರಿದು, ಅವನು ಬಿದ್ದು ತೀರಿಕೊಂಡ. ಸಂಬಳ ತಿಂಗಳಿಗೆ 18,000. ವಿಮೆ ಇರಲಿಲ್ಲ. ಮಾಲೀಕ ಕೆಟ್ಟವನಲ್ಲ. ಆಂಬುಲೆನ್ಸ್ ಮಾಡಿ ಶವವನ್ನು ಊರಿಗೆ ಕಳಿಸಿದ, ಕ್ರಿಯೆಗೆ ಖರ್ಚು ಕೊಟ್ಟ, ವಾರದೊಳಗೆ ಊರ ಹಿರಿಯರ ಮುಂದೆ ಹೆಂಡತಿಯ ಕೈಗೆ 4 ಲಕ್ಷ ನಗದು ಕೊಟ್ಟ. ಛಾಪಾ ಕಾಗದದ ಮೇಲೆ "ಇನ್ನು ಮುಂದೆ ನಾವಾಗಲಿ ನಮ್ಮ ವಾರಸುದಾರರಾಗಲಿ ಯಾವುದೇ ಪರಿಹಾರ ಕೇಳುವುದಿಲ್ಲ" ಎಂದು ಬರೆಸಿ, ಹೆಬ್ಬೆಟ್ಟು ಒತ್ತಿಸಿ, ಇಬ್ಬರ ಸಾಕ್ಷಿ ಹಾಕಿಸಿಕೊಂಡ. ಆ ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಬೀರುವಿನಲ್ಲಿ ಭದ್ರ ಮಾಡಿದ. ಮುಂದಿನ ವರ್ಷ ನ್ಯಾಯಾಲಯದಿಂದ ನೋಟಿಸು ಬಂತು.

ಲೆಕ್ಕ ಹೀಗೆ. 1923ರ ನೌಕರರ ಪರಿಹಾರ ಕಾಯ್ದೆಯಂತೆ (2025ರ ನವೆಂಬರ್‌ನಿಂದ ಅದರ ಜಾಗಕ್ಕೆ ಹೊಸ ಸಂಹಿತೆ ಬಂದಿದೆ, ಅದರ ಮಾತು ಕೊನೆಯಲ್ಲಿದೆ) ಸಾವಿನ ಪರಿಹಾರಕ್ಕೆ ತಿಂಗಳ ಸಂಬಳದ ಅರ್ಧವನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸುತ್ತಾರೆ. ಸಂಬಳ ಎಷ್ಟೇ ಇದ್ದರೂ 2020ರ ಜನವರಿ 3ರಿಂದ ಲೆಕ್ಕಕ್ಕೆ ಹಿಡಿಯುವ ಮಿತಿ 15,000. ಹಾಗಾಗಿ 7,500. 30 ವರ್ಷಕ್ಕೆ ಗುಣಕ 207.98. ಗುಣಿಸಿದರೆ 15,59,850 ರೂಪಾಯಿ. ಆದೇಶ ಹೊರಬೀಳುವಷ್ಟರಲ್ಲಿ ಮೂರು ವರ್ಷ ಕಳೆದಿತ್ತು. ವರ್ಷಕ್ಕೆ ಶೇ 12ರ ಸರಳ ಬಡ್ಡಿ 5,61,546. ಇದರ ಮೇಲೆ ದಂಡ. ಸಕಾರಣವಿಲ್ಲದೆ ತಡಮಾಡಿದರೆ ಮೂಲ ಮೊತ್ತದ ಶೇ 50ರವರೆಗೆ ಹಾಕಬಹುದು, ಅಂದರೆ 7,79,925. ಪೂರ್ತಿ ದಂಡ ಬಿದ್ದರೆ ಒಟ್ಟು 29,01,321 ರೂಪಾಯಿ. ಮೊದಲ ತಿಂಗಳಲ್ಲಿ ಹದಿನೈದೂವರೆ ಲಕ್ಷದಲ್ಲಿ ಮುಗಿಯಬೇಕಾಗಿದ್ದ ಬಾಬತ್ತು ಹೆಚ್ಚುಕಡಿಮೆ ಎರಡರಷ್ಟಾಯಿತು.

ಕೊಟ್ಟ 4 ಲಕ್ಷ ಏನಾಯಿತು? ಅದೇ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಸಾವಿನ ಪರಿಹಾರವನ್ನು ಕಮಿಷನರ್ (ಪರಿಹಾರದ ಪ್ರಕರಣ ತೀರ್ಮಾನಿಸುವ ಅಧಿಕಾರಿ) ಬಳಿಯೇ ಠೇವಣಿ ಇಡಬೇಕು. ಮನೆಯವರ ಕೈಗೆ ನೇರವಾಗಿ ಕೊಟ್ಟದ್ದು ಪರಿಹಾರ ಪಾವತಿ ಅನ್ನಿಸಿಕೊಳ್ಳುವುದೇ ಇಲ್ಲ. ಮುಂಗಡವಾಗಿ ಕೊಟ್ಟದ್ದರಲ್ಲಿ ಮೂರು ತಿಂಗಳ ಸಂಬಳದಷ್ಟನ್ನು ಮಾತ್ರ ಕಮಿಷನರ್ ಕಳೆದುಕೊಡಬಹುದು. ಛಾಪಾ ಕಾಗದದ ಕರಾರಿಗೆ 17ನೇ ಸೆಕ್ಷನ್ ಅಡ್ಡ ಬರುತ್ತದೆ: ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಯಾವ ಒಪ್ಪಂದವೂ ಅಸಿಂಧು. ಹೆಬ್ಬೆಟ್ಟಿದ್ದರೂ, ನೋಟರಿ ಮಾಡಿಸಿದ್ದರೂ, ಹಿರಿಯರ ಸಹಿ ಇದ್ದರೂ ಅಷ್ಟೇ. ಈ ನಿಯಮ ಇರುವುದು ದುಃಖದಲ್ಲಿರುವ ವಿಧವೆಯನ್ನು ಅವಸರದ ರಾಜಿಯಿಂದ ಕಾಪಾಡಲು, ಹಣ ಮೈದುನನ ಕೈಗೋ ಮಧ್ಯವರ್ತಿಯ ಜೇಬಿಗೋ ಸೇರದಂತೆ ತಡೆಯಲು. ಅದು ಸರಿಯಾದ ನಿಯಮ. ಅದನ್ನು ದಾಟಲು ಉಪಾಯ ಹುಡುಕಬೇಡಿ.

ಇಲ್ಲಿ ಬಹಳ ಜನ ಎಡವುವ ಒಂದು ವಿಷಯವಿದೆ. ಪಾಲಿಸಿ ಮಾಡಿಸಲಿಲ್ಲ ಎಂಬ ಒಂದೇ ಕಾರಣಕ್ಕೆ 1923ರ ಕಾಯ್ದೆ ದಂಡ ಹಾಕುವುದಿಲ್ಲ. ದಂಡ ಬೀಳುವುದು ಒಂದು ತಿಂಗಳೊಳಗೆ ಹಣ ಕಟ್ಟದ್ದಕ್ಕೆ. ಆದರೆ ವಿಮೆ ಇಲ್ಲದ ಸಣ್ಣ ಮಾಲೀಕ ಒಂದು ತಿಂಗಳಲ್ಲಿ ಹದಿನೈದು ಲಕ್ಷ ಎಲ್ಲಿಂದ ತರುತ್ತಾನೆ? ತರಲಾರದೆ ದಿನ ದೂಡುತ್ತಾನೆ, ವಕೀಲರ ಮೂಲಕ "ಅವನು ನಮ್ಮ ಕೆಲಸಗಾರನೇ ಅಲ್ಲ" ಎಂದು ಆಕ್ಷೇಪಣೆ ಹಾಕಿಸುತ್ತಾನೆ. ಬಡ್ಡಿಯ ಮೀಟರು ಮಾತ್ರ ನೋಟಿಸು ಬಂದ ದಿನದಿಂದಲ್ಲ, ಆದೇಶದ ದಿನದಿಂದಲೂ ಅಲ್ಲ, ಅಪಘಾತದ ದಿನದಿಂದಲೇ ಓಡುತ್ತಿರುತ್ತದೆ. ಇದನ್ನು ಸುಪ್ರೀಂ ಕೋರ್ಟ್ 1975ರಲ್ಲೇ ಹೇಳಿ, 2012ರಲ್ಲಿ ಮತ್ತೆ ಖಚಿತಪಡಿಸಿದೆ.

"ನಮ್ಮವನಲ್ಲ" ಎಂಬ ವಾದ ನಿಲ್ಲುವುದು ತೀರಾ ಕಷ್ಟ. ಶನಿವಾರ ಶನಿವಾರ ಫೋನ್‌ಪೇ ಮಾಡಿದ ಬಟವಾಡೆ, ವಾಟ್ಸ್‌ಆ್ಯಪ್‌ನಲ್ಲಿ "ನಾಳೆ ಬೇಗ ಬಾ" ಎಂದ ಮೆಸೇಜು, ಪಕ್ಕದ ಶೆಡ್‌ನವನ ಸಾಕ್ಷ್ಯ, ಇಷ್ಟು ಸಾಕು. ಇನ್ನು ನಿಮ್ಮಲ್ಲಿ ಹಾಜರಿ ಪುಸ್ತಕವೂ ಸಂಬಳದ ರಿಜಿಸ್ಟರೂ ಇಲ್ಲದಿದ್ದರೆ, ಸತ್ತವನ ಮನೆಯವರು ಹೇಳಿದ ಸಂಬಳವನ್ನು ಅಲ್ಲಗಳೆಯಲು ಕೈಯಲ್ಲಿ ಏನೂ ಇರುವುದಿಲ್ಲ.

"ಕುಡಿದಿದ್ದ" ಎಂಬುದು ಎರಡನೇ ವಾದ. ಕುಡಿತ, ಬೇಕೆಂದೇ ಸುರಕ್ಷತಾ ನಿಯಮ ಮೀರಿದ್ದು, ಯಂತ್ರದ ಗಾರ್ಡ್ (ರಕ್ಷಣಾ ಕವಚ) ತೆಗೆದದ್ದು, ಈ ಮೂರೂ ಮಾಲೀಕನಿಗೆ ನೆರವಾಗುವುದು ಭಾಗಶಃ ಅಥವಾ ತಾತ್ಕಾಲಿಕ ಅಂಗವೈಕಲ್ಯದ ಪ್ರಕರಣಗಳಲ್ಲಿ ಮಾತ್ರ. ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಆಗಿದ್ದರೆ ಆ ವಾದಕ್ಕೆ ಜಾಗವೇ ಇಲ್ಲ. ಪವರ್ ಪ್ರೆಸ್ಸಿನಲ್ಲಿ ಗಾರ್ಡ್ ಬಿಚ್ಚಿಸುವುದು ಬಹುಪಾಲು ಯಾರು? ಗಂಟೆಗೆ ಇನ್ನಷ್ಟು ಪೀಸ್ ಬರಲಿ ಎಂದು ಸೂಪರ್‌ವೈಸರ್. ಹಾಗೆ ಹೆಬ್ಬೆರಳು ಹೋದರೆ ಕಾಯ್ದೆಯ ಪಟ್ಟಿಯಲ್ಲಿ ಅದು ಕನಿಷ್ಠ ಶೇ 30ರ ದುಡಿಮೆ ನಷ್ಟ. 25 ವರ್ಷದವನು, ಸಂಬಳ 14,000 ಎಂದಿಟ್ಟುಕೊಳ್ಳಿ. ಅಂಗವೈಕಲ್ಯಕ್ಕೆ ಸಂಬಳದ ಶೇ 60 ಹಿಡಿಯುತ್ತಾರೆ: 8,400. ಗುಣಕ 216.91. ಎರಡನ್ನೂ ಗುಣಿಸಿದ ಮೊತ್ತದ ಶೇ 30 ಎಂದರೆ 5,46,613 ರೂಪಾಯಿ. ಆಸ್ಪತ್ರೆಯ ನಿಜವಾದ ಖರ್ಚು ಬೇರೆ, ಅದಕ್ಕೆ ಕಾಯ್ದೆಯಲ್ಲಿ ಮೇಲ್ಮಿತಿ ಇಲ್ಲ.

ಅಪಘಾತ ಆಗಿಯೇ ಬಿಟ್ಟರೆ ಮಾಡಬೇಕಾದದ್ದು ಇದು. ಸಾವು ಅಥವಾ ಗಂಭೀರ ಗಾಯವಾದರೆ ಏಳು ದಿನದೊಳಗೆ ಕಮಿಷನರಿಗೆ ಲಿಖಿತ ವರದಿ ಕೊಡಬೇಕು. ಪೊಲೀಸ್ ದೂರು, ಕಾರ್ಖಾನೆ ಇಲಾಖೆಯ ವಿಚಾರಣೆ ಬೇರೆ, ಅವು ಮುಗಿಯಲಿ ಎಂದು ಕಾಯುತ್ತ ಕೂರಬೇಡಿ. ವಯಸ್ಸಿಗೆ ಆಧಾರ್, ಸಂಬಳಕ್ಕೆ ರಿಜಿಸ್ಟರ್ ಇಟ್ಟುಕೊಂಡು ಲೆಕ್ಕ ಹಾಕಿಸಿ, ಒಂದು ತಿಂಗಳೊಳಗೆ ಠೇವಣಿ ಕಟ್ಟಿ. ಕರ್ನಾಟಕದಲ್ಲಿ ಹಳೆಯ ಕಾಯ್ದೆಯ ಕಮಿಷನರ್ ಕೆಲಸ ಮಾಡುತ್ತ ಬಂದವರು ಹಿರಿಯ ಸಿವಿಲ್ ನ್ಯಾಯಾಧೀಶರು. ಮೊತ್ತದ ಬಗ್ಗೆ ತಕರಾರಿದ್ದರೆ ನೀವು ಒಪ್ಪುವಷ್ಟನ್ನಾದರೂ ಕಟ್ಟಿಬಿಡಿ. ಕಾಯ್ದೆಯೇ ಅದನ್ನು ಕೇಳುತ್ತದೆ, ಮೇಲಾಗಿ ದಂಡ ಬೀಳುವುದು ಬಾಕಿ ಉಳಿದ ಮೊತ್ತದ ಮೇಲೆ. ದಂಡ ಹಾಕುವ ಮುಂಚೆ ಕಾರಣ ಕೇಳಿ ನೋಟಿಸು ಕೊಡಲೇಬೇಕು. ಆಗ "ಇಂಥ ದಿನ ಇಷ್ಟು ಕಟ್ಟಿದ್ದೇನೆ" ಎಂದು ರಸೀದಿ ತೋರಿಸುವವನ ಮಾತಿಗೆ ತೂಕ ಇರುತ್ತದೆ. ಮನೆಯವರಿಗೆ ತಕ್ಷಣ ದುಡ್ಡು ಬೇಕಿರುತ್ತದೆ, ಕೊಡಿ, ಮೂರು ತಿಂಗಳ ಸಂಬಳದ ಮಿತಿಯಲ್ಲಿ, ಬ್ಯಾಂಕ್ ಮೂಲಕ, "ಪರಿಹಾರದ ಮುಂಗಡ" ಎಂದು ಬರೆದು. ಅದಕ್ಕಿಂತ ಹೆಚ್ಚು ಮನಸ್ಸಿಗೆ ಬಂದಷ್ಟು ಕೊಡಬಹುದು, ಪರಿಹಾರದಲ್ಲಿ ವಜಾ ಆಗುತ್ತದೆಂದು ಲೆಕ್ಕ ಇಡಬೇಡಿ.

ಹೈಕೋರ್ಟಿಗೆ ಹೋದರಾಯಿತು ಎನ್ನುವವರಿಗೆ ಒಂದು ಮಾತು. ಮಾಲೀಕ ಮೇಲ್ಮನವಿ ಹಾಕಬೇಕಾದರೆ ಆದೇಶದ ಮೊತ್ತ ಠೇವಣಿ ಇಟ್ಟ ಪ್ರಮಾಣಪತ್ರ ಲಗತ್ತಿಸಲೇಬೇಕು. ಜೊತೆಗೆ ಗಂಭೀರ ಕಾನೂನು ಪ್ರಶ್ನೆಯೂ ಇರಬೇಕು. ಕಟ್ಟದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲಿ, ಅಂದರೆ ಜಪ್ತಿ.

ಈಗ ವಿಮೆ. ಕೇಳಬೇಕಾದದ್ದು ಎಂಪ್ಲಾಯೀಸ್ ಕಾಂಪನ್ಸೇಶನ್ ಪಾಲಿಸಿ. ಏಜೆಂಟರ ಬಾಯಲ್ಲಿ ಇನ್ನೂ "ಡಬ್ಲ್ಯೂಸಿ ಪಾಲಿಸಿ". ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾ ಯೋಜನೆಯಾಗಲಿ, ಗುಂಪು ಅಪಘಾತ ವಿಮೆಯಾಗಲಿ ಇದರ ಬದಲಿಗೆ ನಡೆಯುವುದಿಲ್ಲ. ಅವು ಕೆಲಸಗಾರನಿಗೆ ಸಿಗುವ ಹಣ, ನಿಮ್ಮ ಹೊಣೆ ಹಾಗೇ ಉಳಿಯುತ್ತದೆ. ಡಬ್ಲ್ಯೂಸಿ ಪಾಲಿಸಿಯ ಪ್ರೀಮಿಯಂ ನಿಂತಿರುವುದು ವರ್ಷಕ್ಕೆ ನೀವು ಕೊಡುವ ಒಟ್ಟು ಸಂಬಳ ಮತ್ತು ಕೆಲಸದ ಅಪಾಯದ ಮೇಲೆ. ಪ್ರೀಮಿಯಂ ಉಳಿಸಲು ಎಂಟು ಜನರ ಬದಲು ಐದು ಜನ, 18,000ದ ಬದಲು 9,000 ಎಂದು ತೋರಿಸುವುದು, ವೆಲ್ಡರನ್ನು ಆಫೀಸ್ ಬಾಯ್ ಎಂದು ಬರೆಸುವುದು ರೂಢಿಯಾಗಿದೆ. ಕ್ಲೈಮ್ ಬಂದ ದಿನ ಕಂಪನಿ ಮೊದಲು ತೆಗೆದು ನೋಡುವುದು ಇದನ್ನೇ. ಕೆಲಸದ ಸ್ಥಳದ ಕಾಲಂನಲ್ಲಿ ಶೆಡ್‌ನ ವಿಳಾಸ ಮಾತ್ರ ಇದ್ದು, ಅಪಘಾತ ಸೈಟಿನಲ್ಲಿ ಗೇಟ್ ಕೂರಿಸುವಾಗ ಆಗಿದ್ದರೆ ಅದೂ ತಕರಾರೇ. ಎತ್ತರದ ಕೆಲಸ, ಗುತ್ತಿಗೆದಾರನ ಜನ, ವೈದ್ಯಕೀಯ ವೆಚ್ಚ, ಔದ್ಯೋಗಿಕ ರೋಗ, ಇವು ಸಾಮಾನ್ಯವಾಗಿ ಬೇರೆಯಾಗಿ ಕೇಳಿ, ಹೆಚ್ಚುವರಿ ಪ್ರೀಮಿಯಂ ಕಟ್ಟಿ ಸೇರಿಸಬೇಕಾದ ಬಾಬತ್ತುಗಳು. ಕಲ್ಲು ಕಟಿಂಗ್‌ನವರು ಔದ್ಯೋಗಿಕ ರೋಗವನ್ನು ಬಿಡಲೇಬಾರದು, ಕಲ್ಲಿನ ದೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಸಿಲಿಕೋಸಿಸ್ ಅಲ್ಲಿ ದೂರದ ಮಾತಲ್ಲ.

ಪಾಲಿಸಿ ಇದ್ದರೂ ದಂಡವನ್ನು ವಿಮಾ ಕಂಪನಿ ಕಟ್ಟುವುದಿಲ್ಲ. ತಡ ಮಾಡಿದ್ದು ಮಾಲೀಕನ ಸ್ವಂತ ತಪ್ಪು, ಅದನ್ನು ಅವನೇ ಹೊರಬೇಕು ಎಂದು ಸುಪ್ರೀಂ ಕೋರ್ಟ್ 1997ರಲ್ಲಿ ತೀರ್ಪು ಕೊಟ್ಟಿದೆ. ಬಡ್ಡಿಯ ವಿಷಯ ಪಾಲಿಸಿಯ ಷರತ್ತಿನ ಮೇಲೆ ನಿಂತಿದೆ. ಬಡ್ಡಿ ಕೊಡುವುದಿಲ್ಲ ಎಂಬ ಷರತ್ತು ಹಾಕಿಕೊಳ್ಳಲು ಕಂಪನಿಗೆ ಅವಕಾಶವಿದೆಯೆಂದು 2006ರಲ್ಲಿ ಅದೇ ನ್ಯಾಯಾಲಯ ಹೇಳಿದೆ. ಆದ್ದರಿಂದ ಅಪಘಾತವಾದ ದಿನವೇ ಕಂಪನಿಗೆ ಇಮೇಲ್ ಹಾಕಿ, ಏಜೆಂಟನಿಗೆ ಫೋನ್ ಮಾಡಿ ಸುಮ್ಮನಾಗಬೇಡಿ.

ಗುತ್ತಿಗೆದಾರನ ಮೂಲಕ ಜನ ತಂದರೆ ಹೊಣೆ ತಪ್ಪಿತು ಅಂದುಕೊಳ್ಳಬೇಡಿ. ನಿಮ್ಮ ವ್ಯಾಪಾರಕ್ಕೆ ಸೇರಿದ ಕೆಲಸವಾದರೆ ಕೆಲಸಗಾರ ನಿಮ್ಮಿಂದಲೇ ಪರಿಹಾರ ಕೇಳಬಹುದು. ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳುವುದು ನಿಮ್ಮ ಪಾಡು. ಬಿಲ್ ಪಾಸ್ ಮಾಡುವ ಮುಂಚೆ ಅವನ ಪಾಲಿಸಿಯ ಪ್ರತಿ ತೆಗೆದುಕೊಂಡು ದಿನಾಂಕ, ತಲೆ ಎಣಿಕೆ, ಸ್ಥಳ ಈ ಮೂರನ್ನು ನೋಡಿ.

ಹತ್ತು ಜನ ಆದ ಕೂಡಲೇ ಇಎಸ್‌ಐ ಬರುತ್ತದೆ. ಮಾಲೀಕನ ಪಾಲು ಶೇ 3.25, ಕೆಲಸಗಾರನದು ಶೇ 0.75, ಮುಂದಿನ ತಿಂಗಳ 15ರೊಳಗೆ. ಎಂಟು ಜನರ ಹೆಸರು ಪುಸ್ತಕದಲ್ಲಿ, ನಾಲ್ವರು ಪುಸ್ತಕದ ಹೊರಗೆ ಎಂಬ ಆಟ ಅಪಘಾತದ ದಿನ ಬಯಲಾಗುತ್ತದೆ. ಬಿದ್ದವನ ಹೆಸರನ್ನು ಅಂದೇ ಸಂಜೆ ಆನ್‌ಲೈನ್‌ನಲ್ಲಿ ಸೇರಿಸುವವರೂ ಇದ್ದಾರೆ. ನೋಂದಣಿಯ ಗಳಿಗೆಯೇ ಅವರ ವಿರುದ್ಧದ ಸಾಕ್ಷ್ಯವಾಗುತ್ತದೆ. ಸರಿಯಾಗಿ ಕಟ್ಟಿದವರಿಗಾದರೆ ದೊಡ್ಡ ರಕ್ಷಣೆ ಇದೆ: ಇಎಸ್‌ಐ ವ್ಯಾಪ್ತಿಯ ಕೆಲಸಗಾರನ ಅಪಘಾತಕ್ಕೆ ಮಾಲೀಕನ ಮೇಲೆ ಪರಿಹಾರದ ಕೇಸು ನಡೆಯುವುದಿಲ್ಲ. ತಿಂಗಳಿಗೆ 21,000 ಮೀರಿದ ಫೋರ್‌ಮನ್, ಸೂಪರ್‌ವೈಸರ್ ಮಾತ್ರ ಇಎಸ್‌ಐ ಹೊರಗೆ ಉಳಿಯುತ್ತಾರೆ. ಅವರಷ್ಟಕ್ಕೆ ಡಬ್ಲ್ಯೂಸಿ ಪಾಲಿಸಿ ಬೇಕೇ ಬೇಕು, ಇದನ್ನು ಮರೆಯುವವರೇ ಹೆಚ್ಚು.

2025ರ ನವೆಂಬರ್ 21ರಿಂದ 1923ರ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಶೇ 12ರ ಬಡ್ಡಿ, ಶೇ 50ರವರೆಗಿನ ದಂಡ ಅಲ್ಲೂ ಹಾಗೇ ಇವೆ. ಹೊಸದಾಗಿ ಸೇರಿದ್ದು ದಾರಿಯ ಅಪಘಾತ: ಮನೆಯಿಂದ ಕೆಲಸಕ್ಕೆ ಬರುವಾಗ, ಕೆಲಸದಿಂದ ಮನೆಗೆ ಹೋಗುವಾಗ ಆದ ಅಪಘಾತಕ್ಕೂ ಕೆಲಸಕ್ಕೂ ಸಮಯ, ಸ್ಥಳ, ಸಂದರ್ಭದ ನಂಟು ಕಂಡರೆ ಅದೂ ಕೆಲಸದ ಅಪಘಾತವೇ. ರಾತ್ರಿ ಪಾಳಿ ಮುಗಿಸಿ ಬೈಕಿನಲ್ಲಿ ಹೋಗುವ ಹುಡುಗರಿರುವ ಕಡೆ ಇದು ಸಣ್ಣ ವಿಷಯವಲ್ಲ. ನವೀಕರಣದ ಹೊತ್ತಿಗೆ ನಿಮ್ಮ ಪಾಲಿಸಿಯಲ್ಲಿ ಹೊಸ ಸಂಹಿತೆಯ ಹೊಣೆಯೂ ಸೇರಿದೆಯೇ ಎಂದು ಕಂಪನಿಯಿಂದ ಬರಹದಲ್ಲಿ ಕೇಳಿ ತರಿಸಿಕೊಳ್ಳಿ.

ಇನ್ನೊಂದು ಸಣ್ಣ ಕಾಗದವಿದೆ, ಅದಕ್ಕೆ ಖರ್ಚೇ ಇಲ್ಲ. ಕೆಲಸಕ್ಕೆ ಸೇರುವಾಗಲೇ ಕೆಲಸಗಾರನಿಗೆ ಅವನ ಪರಿಹಾರದ ಹಕ್ಕನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ಬರೆದು ತಿಳಿಸಬೇಕು. 2017ರ ತಿದ್ದುಪಡಿ ಇದನ್ನು ಕಡ್ಡಾಯ ಮಾಡಿ, ತಪ್ಪಿದರೆ 50,000ದಿಂದ 1 ಲಕ್ಷ ರೂಪಾಯಿವರೆಗೆ ದಂಡ ಇಟ್ಟಿತು. ಹೊಸ ಸಂಹಿತೆಯಲ್ಲೂ ಈ ಕರ್ತವ್ಯ ಮುಂದುವರಿದಿದೆ. ಬಿಹಾರ, ಒಡಿಶಾದ ಹುಡುಗರಿದ್ದರೆ ಹಿಂದಿಯಲ್ಲಿ, ನಮ್ಮವರಿಗೆ ಕನ್ನಡದಲ್ಲಿ ಒಂದೇ ಪುಟ ಸಾಕು. ಸಹಿ ಹಾಕಿಸಿದ ಒಂದು ಪ್ರತಿ ನಿಮ್ಮ ಫೈಲಿನಲ್ಲಿರಲಿ, ಇನ್ನೊಂದು ಅವನ ಕೈಯಲ್ಲಿರಲಿ.