ಕೊರಳಿಗೊಂದು 28 ಡಿಗ್ರಿ: ಜಪಾನಿನ ಶಾಲೆಯಲ್ಲಿ ಮೂರು ಬೇಸಿಗೆ ಬಳಸಿದ ಕೂಲ್ ರಿಂಗ್

ರಾಯಚೂರಿನ ಬಿಸಿಲಿನಲ್ಲಿ ಬೆಳೆದವಳು ನಾನು. 2023ರ ಏಪ್ರಿಲ್‌ನಲ್ಲಿ ಸೈತಾಮಾ ಪ್ರಾಂತ್ಯದ ಒಂದು ಜೂನಿಯರ್ ಹೈಸ್ಕೂಲಿಗೆ ಸಹಾಯಕ ಇಂಗ್ಲಿಷ್ ಶಿಕ್ಷಕಿಯಾಗಿ ಬಂದಾಗ, ಇಲ್ಲಿನ ಬೇಸಿಗೆ ನನಗೊಂದು ಲೆಕ್ಕವಲ್ಲ ಎಂದುಕೊಂಡಿದ್ದೆ. ಜುಲೈ ಮೊದಲ ವಾರದಲ್ಲೇ ಆ ಧೈರ್ಯ ಉಡುಗಿತು. ನಮ್ಮೂರಿನಲ್ಲಿ ಬೆವರು ಬಂದಷ್ಟೇ ಬೇಗ ಆರುತ್ತದೆ. ಇಲ್ಲಿ ಅದು ಬೆನ್ನಿಗೆ ಅಂಟಿಕೊಂಡೇ ಇರುತ್ತದೆ. ನಮ್ಮ ಶಾಲೆಯಿಂದ ಹೆಚ್ಚು ದೂರವಿಲ್ಲದ ಕುಮಗಾಯದಲ್ಲಿ 2018ರ ಜುಲೈ 23ರಂದು 41.1 ಡಿಗ್ರಿ ದಾಖಲಾಗಿತ್ತು. 2025ರ ಆಗಸ್ಟ್ 5ರಂದು ನೆರೆಯ ಗುನ್ಮಾ ಪ್ರಾಂತ್ಯದ ಇಸೆಸಾಕಿ 41.8ಕ್ಕೆ ಏರಿ ದೇಶದ ದಾಖಲೆಯನ್ನೇ ಮುರಿಯಿತು. ನಾನು ಕಂಡ ಮೂರು ಬೇಸಿಗೆಗಳಲ್ಲಿ ಮೊದಲೆರಡು ಅಲ್ಲಿಯವರೆಗಿನ ಅತಿ ಬಿಸಿಯ ಬೇಸಿಗೆಗಳಾಗಿ ಸಮಕ್ಕೆ ನಿಂತಿದ್ದವು. ಮೂರನೆಯದು ಎರಡನ್ನೂ ಮೀರಿತು. ಈ ವಿಮರ್ಶೆಯನ್ನು ಆ ಬಿಸಿಲಿನ ನಡುವೆ ಇಟ್ಟು ಓದಬೇಕು.

ಕೂಲ್ ರಿಂಗ್ ಎಂದರೆ ಕುತ್ತಿಗೆಗೆ ಹಾಕಿಕೊಳ್ಳುವ, ಮುಂದೆ ಬಾಯಿ ತೆರೆದ ಬಳೆಯಂಥ ಒಂದು ಪ್ಲಾಸ್ಟಿಕ್ ಕೊಳವೆ. ಒಳಗಿರುವ ಮೇಣದಂಥ ವಸ್ತು 28 ಡಿಗ್ರಿಯಲ್ಲಿ ಕರಗುತ್ತದೆ, ಅದಕ್ಕಿಂತ ತಣ್ಣಗಾದರೆ ಹೆಪ್ಪುಗಟ್ಟುತ್ತದೆ. ಚಳಿಗಾಲದ ಬೆಳಿಗ್ಗೆ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಬಿಸಿಲಿಗಿಟ್ಟವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಗಟ್ಟಿಯಾಗಿದ್ದಾಗ ಹಾಲಿನಂತೆ ಬೆಳ್ಳಗೆ, ಕರಗಿದಾಗ ನೀರಿನಂತೆ ತಿಳಿ. ಕರಗಲು ಬೇಕಾದ ಶಾಖವನ್ನು ಅದು ನಮ್ಮ ಕುತ್ತಿಗೆಯಿಂದ ಹೀರುತ್ತದೆ, ಪೂರ್ತಿ ಕರಗುವವರೆಗೂ 28ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಮಂಜುಗಡ್ಡೆಯಂತೆ ಚುಚ್ಚುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಹೊರಗೆ ಹನಿಗಟ್ಟುವುದಿಲ್ಲ. ತರಗತಿಯಲ್ಲಿ ನಿಂತು ಪಾಠ ಮಾಡುವವರಿಗೆ ಅಂಗಿಯ ಕಾಲರ್ ಒಣಗಿರುವುದು ಸಣ್ಣ ವಿಷಯವಲ್ಲ. ನನ್ನದಕ್ಕೆ 1,980 ಯೆನ್ ಕೊಟ್ಟೆ.

ಬೆಳಿಗ್ಗೆ ಸೈಕಲ್ಲಿನಲ್ಲಿ ಶಾಲೆಗೆ 25 ನಿಮಿಷ. ಏಳೂವರೆಗೇ ಸಿಕಾಡಗಳು ಕಿವಿ ತುಂಬುವಂತೆ ಚೀರುತ್ತಿರುತ್ತವೆ. ಗದ್ದೆಗಳ ನಡುವಿನ ದಾರಿಯಲ್ಲಿ ಮರದ ನೆರಳು ಎಂಬುದೇ ಇಲ್ಲ. ಈ 25 ನಿಮಿಷಕ್ಕೆ ಕೂಲ್ ರಿಂಗ್‌ನಷ್ಟು ಒಳ್ಳೆಯ ಸಂಗಾತಿ ನನಗೆ ಸಿಕ್ಕಿಲ್ಲ. ಮಕ್ಕಳೂ ಹಾಕಿಕೊಂಡೇ ಬರುತ್ತಾರೆ. ದಾರಿಯಲ್ಲಿ ಅನುಮತಿ ಇದೆ, ಪಾಠದ ಹೊತ್ತಿನಲ್ಲಿ ಇಲ್ಲ ಎಂಬುದು ನಮ್ಮ ಶಾಲೆಯ ನಿಯಮ. ಕೆಲಸದ ಅವಧಿಯ ಬಗ್ಗೆ ಹೇಳುವುದಾದರೆ, ಹೊರಗೆ 30 ಡಿಗ್ರಿ ಇದ್ದಾಗ ಒಂದೂವರೆ ಗಂಟೆ, 36 ದಾಟಿದ ದಿನ ಮುಕ್ಕಾಲು ಗಂಟೆ. ಇದು ನಾನು ಗಡಿಯಾರ ನೋಡಿ ಅಳೆದದ್ದು. ಪೊಟ್ಟಣದ ಮೇಲೆ ಬರೆದದ್ದಲ್ಲ.

ತೊಡಕು ಶುರುವಾಗುವುದು ಶಿಕ್ಷಕರ ಕೊಠಡಿಯಲ್ಲಿ. 2005ರಲ್ಲಿ ಪರಿಸರ ಸಚಿವಾಲಯ ಆರಂಭಿಸಿದ, ಹಗುರ ಉಡುಪು ತೊಟ್ಟು ಎಸಿ ಬಳಕೆ ತಗ್ಗಿಸುವ ಕೂಲ್ ಬಿಜ್ ಅಭಿಯಾನದ ನಂತರ, ಬೇಸಿಗೆಯಲ್ಲಿ ಒಳಾಂಗಣದ ಉಷ್ಣತೆ 28 ಡಿಗ್ರಿ ಎಂಬ ಅಂಕಿ ಇಲ್ಲಿನ ಕಚೇರಿಗಳಲ್ಲಿ ಬೇರೂರಿದೆ. ನಮ್ಮ ಕೊಠಡಿಯ ಎಸಿಯ ಮೇಲೂ ಅದೇ ಅಂಕಿಯ ಚೀಟಿ ಅಂಟಿಸಿದ್ದಾರೆ. 28ಕ್ಕೆ ಕರಗುವ ವಸ್ತುವನ್ನು 28 ಡಿಗ್ರಿಯ ಕೋಣೆಯಲ್ಲಿಟ್ಟರೆ ಅದು ಹೆಪ್ಪುಗಟ್ಟುವುದಾದರೂ ಹೇಗೆ? ಮಧ್ಯಾಹ್ನದವರೆಗೂ ಮೇಜಿನ ಮೇಲೆ ತಿಳಿ ನೀರಿನಂತೆ ಬಿದ್ದಿರುತ್ತದೆ. ಜೂನ್‌ನಲ್ಲಿ ನಲ್ಲಿ ನೀರಿಗೆ ಹಿಡಿದರೂ ಗಟ್ಟಿಯಾಗುತ್ತಿತ್ತು. ಆಗಸ್ಟ್‌ನಲ್ಲಿ ನಲ್ಲಿಯ ನೀರೇ ಬೆಚ್ಚಗೆ ಬರುತ್ತದೆ. ಉಳಿದ ದಾರಿ ಫ್ರಿಜ್ ಒಂದೇ. ಮುಗಿಚಾ, ಅಂದರೆ ಹುರಿದ ಬಾರ್ಲಿಯ ತಣ್ಣನೆಯ ಚಹಾ, ತುಂಬಿದ ಜಗ್ಗಿನ ಪಕ್ಕದಲ್ಲಿ ನನ್ನ ಹೆಸರನ್ನು ಜಪಾನಿನ ಕತಕಾನಾ ಲಿಪಿಯಲ್ಲಿ ಬರೆದ ರಿಂಗ್ 20 ನಿಮಿಷ ಕೂರುತ್ತದೆ. ಸೆಪ್ಟೆಂಬರ್ ಕೊನೆಯ ಒಂದು ಬೆಳಿಗ್ಗೆ ಅದು ಮನೆಯ ಮೇಜಿನ ಮೇಲೆ ತಾನಾಗಿಯೇ ಬೆಳ್ಳಗೆ ಗಟ್ಟಿಯಾಗಿರುವುದನ್ನು ಕಂಡಾಗ ಬೇಸಿಗೆ ಮುಗಿಯಿತೆಂದು ಗೊತ್ತಾಗುತ್ತದೆ.

ಫ್ರೀಜರಿನಲ್ಲಿ ಮಾತ್ರ ಇಡಬೇಡಿ. ಯಾರೋ ಒಳ್ಳೆಯ ಮನಸ್ಸಿನಿಂದಲೇ ನನ್ನ ಮೊದಲ ರಿಂಗನ್ನು ಫ್ರೀಜರಿಗೆ ಸರಿಸಿದ್ದರು. ಕಲ್ಲಿನಂತಾಗಿದ್ದ ಅದನ್ನು ಅವಸರದಲ್ಲಿ ಹಿಗ್ಗಿಸಿ ಹಾಕಿಕೊಂಡೆ. ಮರುದಿನ ಅಂಚಿನ ಬೆಸುಗೆಯಲ್ಲಿ ಎಣ್ಣೆ ಜಿನುಗುತ್ತಿತ್ತು. ರಸೀದಿ ಇಲ್ಲವೆಂದು ಅಂಗಡಿಯವರು ಬದಲಿಸಿಕೊಡಲಿಲ್ಲ.

ಒಂದು ವಿಷಯವನ್ನು ಒತ್ತಿ ಹೇಳಲೇಬೇಕು. ಬೇಸಿಗೆ ರಜೆ ಜುಲೈ 20ರ ಹೊತ್ತಿಗೆ ಆರಂಭವಾಗುತ್ತದೆ, ಆದರೆ ಅದು ಮಕ್ಕಳಿಗೆ. ನಮಗೆ ಸಂಬಳದ ರಜೆ ಹಾಕದ ದಿನಗಳಲ್ಲೆಲ್ಲ ಹಾಜರಿ ಇರುತ್ತದೆ. ಖಾಲಿ ಕೊಠಡಿ, ಮೂಲೆಯ ಟಿವಿಯಲ್ಲಿ ಕೋಶಿಯೆನ್ ಕ್ರೀಡಾಂಗಣದ ಹೈಸ್ಕೂಲ್ ಬೇಸ್‌ಬಾಲ್, ಶರತ್ಕಾಲದ ಇಂಗ್ಲಿಷ್ ಭಾಷಣ ಸ್ಪರ್ಧೆಗೆ ತಯಾರಾಗುವ ಇಬ್ಬರು ಮೂವರು ಮಕ್ಕಳು. ಕ್ಲಬ್‌ಗಳ ಅಭ್ಯಾಸವೂ ನಡೆದಿರುತ್ತದೆ. ಎರಡನೆಯ ಬೇಸಿಗೆಯಲ್ಲಿ ಟೆನಿಸ್ ಕ್ಲಬ್ಬಿನ ಮಕ್ಕಳ ಜೊತೆ ಅಂಗಳಕ್ಕಿಳಿದಿದ್ದೆ. ಕುತ್ತಿಗೆ ತಂಪಾಗಿತ್ತು, ಹಾಗಾಗಿ ನಾನು ಚೆನ್ನಾಗಿಯೇ ಇದ್ದೇನೆ ಎಂದು ನಂಬಿದ್ದೆ. ನೀರು ಕುಡಿಯುವುದು ಮರೆತೇ ಹೋಯಿತು. ನಲವತ್ತು ನಿಮಿಷದ ನಂತರ ಬಲೆಯ ಬಿಳಿ ಪಟ್ಟಿ ಎರಡಾಗಿ ಕಂಡಿತು, ಕೈಬೆರಳು ಜುಮ್ಮೆಂದವು. ಆರೋಗ್ಯ ಕೊಠಡಿಯ ಶಿಕ್ಷಕಿ ನನ್ನನ್ನು ಮಲಗಿಸಿ, ಮೊದಲು ರಿಂಗನ್ನು ತೆಗೆದಿಟ್ಟು, ಕಂಕುಳಿಗೆ, ಕುತ್ತಿಗೆಯ ಎರಡೂ ಪಕ್ಕಕ್ಕೆ ಬಟ್ಟೆಯಲ್ಲಿ ಸುತ್ತಿದ ಐಸ್ ಪ್ಯಾಕ್ ಇಟ್ಟರು. ಉಪ್ಪು ಸಕ್ಕರೆ ಬೆರೆತ ದ್ರವವನ್ನು ಗುಟುಕು ಗುಟುಕಾಗಿ ಕುಡಿಸಿದರು. "ಇದು ತಂಪಿನ ಅನುಭವ ಕೊಡುತ್ತದೆ, ದೇಹದ ಶಾಖ ಇಳಿಸುವಷ್ಟು ಶಕ್ತಿ ಇದಕ್ಕಿಲ್ಲ" ಎಂದು ನಿಧಾನವಾಗಿ, ನನಗೆ ಅರ್ಥವಾಗುವ ಜಪಾನಿಯಲ್ಲಿ ಹೇಳಿದರು. ಅಂದಿನಿಂದ ರಿಂಗಿಗಿಂತ ಮೊದಲು ಶಾಲೆಯ ಮುಂಬಾಗಿಲಿನ ಉಷ್ಣ ಸೂಚ್ಯಂಕದ ಮೀಟರ್ ನೋಡುತ್ತೇನೆ. ತೇವಾಂಶವನ್ನೂ ಸೇರಿಸಿ ಲೆಕ್ಕ ಹಾಕುವ ಆ ಸೂಚ್ಯಂಕ 31 ಮುಟ್ಟಿದರೆ ಹೊರಗಿನ ಅಭ್ಯಾಸ ನಿಲ್ಲುತ್ತದೆ. ಕಳೆದ ವರ್ಷ ಶಾಲಾ ಅವಧಿಯ ಸಮಾರೋಪ ಸಮಾರಂಭವನ್ನೂ ಎಸಿ ಇಲ್ಲದ ಜಿಮ್ನೇಷಿಯಂನಿಂದ ತರಗತಿಗಳ ಪರದೆಗೆ ವರ್ಗಾಯಿಸಿದ್ದು ಇದೇ ಕಾರಣಕ್ಕೆ.

ಪಾಠಕ್ಕೂ ಈ ರಿಂಗ್ ಒದಗಿ ಬಂದಿದೆ. ಜುಲೈನ ಒಂದು ತರಗತಿಯಲ್ಲಿ ಅರ್ಧ ಕರಗಿದ ರಿಂಗನ್ನು ಕೈಯಿಂದ ಕೈಗೆ ದಾಟಿಸಿ, ಬೆಳ್ಳಗಿರುವ ಕಡೆ ಬೆರಳಿಟ್ಟು 'ಫ್ರೀಜ್', ತಿಳಿಯಾಗಿರುವ ಕಡೆ 'ಮೆಲ್ಟ್' ಎಂದು ಹೇಳಿಸಿದೆ. ಇಡೀ ವರ್ಷ ಬಾಯಿ ಬಿಡದ ಹುಡುಗನೊಬ್ಬ ಅದನ್ನು ಎರಡೂ ಅಂಗೈಯಲ್ಲಿ ಒತ್ತಿ ಹಿಡಿದ. ಬಿಳಿ ಗಡ್ಡೆಯ ಅಂಚು ಮೆಲ್ಲಗೆ ಕರಗಿ ತಿಳಿಯಾಗುವುದನ್ನೇ ನೋಡುತ್ತಾ, ಯಾರೂ ಕೇಳದೆಯೇ 'ಮೆಲ್ಟಿಂಗ್' ಎಂದ. ನಾನು ಆ ರೂಪವನ್ನು ಇನ್ನೂ ಹೇಳಿಕೊಟ್ಟಿರಲಿಲ್ಲ.

ಉಳಿದದ್ದು ಚಿಕ್ಕ ಮಾತು. ಅಳತೆ ನೋಡಿ ಕೊಳ್ಳಿ, ಬಿಗಿಯಾದರೆ ಕೊರಳೆಲುಬಿನ ಮೇಲೆ ಕೆಂಪು ಗೆರೆ ಬೀಳುತ್ತದೆ. ಪ್ರತಿ ಸಂಜೆ ಸಾಬೂನಿನಿಂದ ತೊಳೆಯಿರಿ, ಇಲ್ಲದಿದ್ದರೆ ಬೆವರುಸಾಲೆ ಖಚಿತ. ನನ್ನ ಎರಡನೆಯ ರಿಂಗ್ ಎರಡು ಬೇಸಿಗೆ ದಾಟಿಯೂ ಸೋರಿಲ್ಲ, ತಿಳಿ ಪ್ಲಾಸ್ಟಿಕ್ ಸ್ವಲ್ಪ ಹಳದಿಯಾಗಿದೆ ಅಷ್ಟೇ.

5ಕ್ಕೆ 4 ಕೊಡುತ್ತೇನೆ. ಜುಲೈ ಕೊನೆಯಲ್ಲಿ ಜಪಾನಿಗೆ ಬಂದಿಳಿಯುವ ಹೊಸ ಶಿಕ್ಷಕರು ಒಂದರ ಬದಲು ಎರಡು ಕೊಳ್ಳುವುದು ಒಳ್ಳೆಯದು. ಒಂದು ಕುತ್ತಿಗೆಯಲ್ಲಿದ್ದಾಗ ಇನ್ನೊಂದು ಊಟದ ಡಬ್ಬಿಯ ಚೀಲದಲ್ಲಿ ಐಸ್ ಪ್ಯಾಕಿನ ಪಕ್ಕದಲ್ಲಿರಲಿ. ನೀರಿನ ಬಾಟಲಿ ಅದಕ್ಕಿಂತ ಮೇಲಿರಲಿ, ಕೈಗೆ ಮೊದಲು ಸಿಗುವ ಹಾಗೆ.