ಇರುವೆಗೆ ದಾರಿ ಹುಡುಕಲು ಯಾವುದು ಮೇಲು: ಬಿಎಫ್‌ಎಸ್, ಎ ಸ್ಟಾರ್, ಡೈಕ್‌ಸ್ಟ್ರಾ

ಮೂರೂ ಕಂಪ್ಯೂಟರ್‌ನಲ್ಲಿ ಹತ್ತಿರದ ದಾರಿ ಹುಡುಕುವ ವಿಧಾನಗಳು. ಮೊದಲೇ ಹೇಳಿಬಿಡುತ್ತೇನೆ, ನಾನು ಬಿಎಫ್‌ಎಸ್ ಕಡೆಯವಳು. ಎ ಸ್ಟಾರ್ ಹಿಂದೆ ಬಿದ್ದು ಮೂರು ರಾತ್ರಿ ಕಳೆದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಅಕ್ಕನ ಮಗನಿಗೆ ಒಂದು ಆಟ ಮಾಡುತ್ತಿದ್ದೆ. ಚೌಕ ಮನೆಗಳ ಹಲಗೆ, ನಡುನಡುವೆ ಗೋಡೆ. ಒಂದು ಮನೆಯಲ್ಲಿ ಬೆಲ್ಲದ ಚೂರು, ಅದರತ್ತ ಓಡುವ 60 ಇರುವೆ. ನಾಲ್ಕೇ ದಿಕ್ಕು, ಓರೆ ನಡೆ ಇಲ್ಲ.

ಇಂಥ ಚೌಕ ಮನೆಗಳ ಹಲಗೆ, ಅಂದರೆ ಗ್ರಿಡ್, ಇದ್ದಾಗ ಎಲ್ಲರೂ ಹೇಳುವುದು ಎ ಸ್ಟಾರ್. 1968ರಲ್ಲಿ ಹಾರ್ಟ್, ನಿಲ್ಸನ್, ರಫೇಲ್ ಪ್ರಕಟಿಸಿದ್ದು. ನಡೆದು ಬಂದ ಹೆಜ್ಜೆ ಜಿ, ಗುರಿಗೆ ಉಳಿದಿರುವ ಅಂದಾಜು (ಗೋಡೆ ಲೆಕ್ಕಿಸದೆ ಎಣಿಸಿದ ಹೆಜ್ಜೆ) ಎಚ್, ಎರಡೂ ಕೂಡಿದರೆ ಎಫ್. ಎಫ್ ಕಡಿಮೆ ಇರುವ ಮನೆಯನ್ನು ಮೊದಲು ತೆರೆಯುತ್ತದೆ, ಅಂದರೆ ಅಲ್ಲಿಂದ ಅಕ್ಕಪಕ್ಕದ ಮನೆಗಳನ್ನು ನೋಡುತ್ತದೆ. ಹಾಗಾಗಿ ಗುರಿಯತ್ತ ನೇರ ಹೋಗುತ್ತದೆ ಅಂತ ನಂಬಿದ್ದೆ.

ಪರೀಕ್ಷೆಗೆ 1000×1000 ಹಲಗೆ ತಗೊಂಡೆ. ಗೋಡೆಯೇ ಇಲ್ಲ, ಮೂಲೆಯಿಂದ ಎದುರು ಮೂಲೆಗೆ. ದಾರಿ ಸರಿಯಾಗೇ ಬಂತು, 1998 ಹೆಜ್ಜೆ. ಆದರೆ ತೆರೆದ ಮನೆಗಳನ್ನು ಎಣಿಸಿದರೆ 10,00,000. ಒಂದನ್ನೂ ಬಿಟ್ಟಿರಲಿಲ್ಲ!

ಎರಡು ರಾತ್ರಿ ಕೋಡ್ ತಡಕಾಡಿದೆ. ಕೊನೆಗೆ ಕಾಗದದ ಮೇಲೆ 5×5 ಮನೆ ಗೀಚಿ ಒಂದೊಂದರಲ್ಲೂ ಎಫ್ ಬರೆದೆ. ಎಲ್ಲದರಲ್ಲೂ 8. ಗುರಿಯತ್ತ ಒಂದು ಹೆಜ್ಜೆ ಇಟ್ಟರೆ ಜಿ ಒಂದು ಏರುತ್ತದೆ, ಎಚ್ ಒಂದು ಇಳಿಯುತ್ತದೆ. ಮೊತ್ತ ಕದಲುವುದೇ ಇಲ್ಲ. ಎಲ್ಲವೂ ಸಮ ಅಂದಮೇಲೆ ಯಾವುದು ಮೊದಲು? ಪೈಥಾನ್ ಭಾಷೆಯ ಹೀಪ್‌ಗೆ (ಅತಿ ಚಿಕ್ಕದನ್ನು ಮೊದಲು ಎತ್ತಿಕೊಡುವ ಪಟ್ಟಿ) ನಾನು ಎಫ್, ಜಿ, ಮನೆ ಅಂತ ಸಾಲಾಗಿ ಕೊಟ್ಟಿದ್ದೆ. ಎಫ್ ಸಮ ಆದಾಗ ಅದು ಜಿ ಚಿಕ್ಕದಿರುವುದನ್ನು ಎತ್ತಿಕೊಡುತ್ತದೆ. ಅಂದರೆ ಹೊರಟ ಜಾಗದ ಹತ್ತಿರದವೇ ಮುಂದೆ, ಗುರಿ ಎಲ್ಲಕ್ಕಿಂತ ಕೊನೆಗೆ. ಜಿ ತೆಗೆದು ಎಚ್ ಹಾಕಿದೆ. ಒಂದೇ ಅಕ್ಷರ ಬದಲಾಗಿದ್ದು. ತೆರೆದ ಮನೆ 1999ಕ್ಕೆ ಇಳಿಯಿತು.

ಖುಷಿಯಾಯಿತು ನಿಜ. ಆದರೆ ನನ್ನ ಇರುವೆಗಳು 60 ಅಲ್ವಾ? ಎ ಸ್ಟಾರ್ 60 ಸಲ ಓಡಬೇಕು. ಅಡ್ಡಕ್ಕೆ ಲಾಳದಂಥ ಗೋಡೆ ಸಿಕ್ಕರೆ ಅದರ ಹೊಟ್ಟೆಯನ್ನೆಲ್ಲ ಹುಡುಕಿಯೇ ಹೊರಗೆ ಬರುತ್ತದೆ.

ಬಿಎಫ್‌ಎಸ್ಸನ್ನು ಬೆಲ್ಲದಿಂದಲೇ ಹೊರಡಿಸಿದೆ. ನೀರು ಹರಡಿದ ಹಾಗೆ ಹೋಗುತ್ತಾ ಪ್ರತಿ ಮನೆಯಲ್ಲೂ ಬೆಲ್ಲ ಎಷ್ಟು ಹೆಜ್ಜೆ ಅಂತ ಬರೆಯುತ್ತದೆ. ನೋಡಬೇಕಾದ ಮನೆಗಳ ಕ್ಯೂಗೆ ಒಂದು ಮನೆ ಬರುವುದು ಒಂದೇ ಸಲ, ಹಾಗಾಗಿ ಮನೆ ಎಷ್ಟೋ ಕೆಲಸವೂ ಅಷ್ಟೇ. ಆಮೇಲೆ ಇರುವೆ 60 ಇರಲಿ, 600 ಇರಲಿ. ಪಕ್ಕದ ನಾಲ್ಕು ಮನೆ ನೋಡಿ ಚಿಕ್ಕ ಅಂಕೆಯ ಕಡೆ ಕಾಲಿಟ್ಟರೆ ಸಾಕು.

ಡೈಕ್‌ಸ್ಟ್ರಾ? ಅದು ಅಲ್ಲಿಯವರೆಗಿನ ಬೆಲೆ ಅತಿ ಕಡಿಮೆ ಇರುವ ಮನೆಯನ್ನು ಮೊದಲು ತೆರೆಯುತ್ತದೆ. ಎಲ್ಲ ಹೆಜ್ಜೆಗೂ ಒಂದೇ ಬೆಲೆ ಇದ್ದಾಗ ಸುಮ್ನೆ ಹೀಪ್ ಹೊರೆ. ಒಣನೆಲಕ್ಕೆ 1, ಕೆಸರಿಗೆ 3 ಅಂತಾದರೆ ಅದೇ ಬೇಕು.

ನನಗೆ ಸಿಗುವುದು ರಾತ್ರಿ ಊಟದ ನಂತರದ ಒಂದು ಗಂಟೆ. ಹುಡುಗನ ಕೈಯಲ್ಲಿರುವುದು ಅವನಮ್ಮನ ಹಳೇ ಫೋನ್. ಹದಿನೈದು ಸಾಲಿನ ಬಿಎಫ್‌ಎಸ್ ನನಗೆ ಸರಿಹೋಯಿತು. ಓಡುವವರು ಒಬ್ಬರೇ, ಬಯಲು ಜಾಸ್ತಿ ಅನ್ನುವವರು ಎ ಸ್ಟಾರ್ ತಗೊಳ್ಳಿ. ಎಫ್ ಸಮ ಆದಾಗ ಎಚ್ ನೋಡುವುದನ್ನು ಮಾತ್ರ ಮರೆಯಬೇಡಿ.

ಈಗ ಅವನದು ಹೊಸ ಬೇಡಿಕೆ: "ಚಿಕ್ಕಮ್ಮಾ, ಇರುವೆ ಎಲ್ಲ ಮನೆಗೂ ಒಂದೊಂದೇ ಸಲ ಹೋಗಿ ಬೆಲ್ಲ ಮುಟ್ಟಬೇಕು." ಇಲ್ಲಿ ಮೂರೂ ಕೈಕೊಡುತ್ತವೆ. ಗೋಡೆ ಎಲ್ಲೆಂದರಲ್ಲಿ ಇರಬಹುದಾದ ಗ್ರಿಡ್‌ನಲ್ಲಿ ಅಂಥ ದಾರಿ ಇದೆಯೇ ಅನ್ನುವುದೇ ಎನ್‌ಪಿ-ಕಂಪ್ಲೀಟ್ (ಬೇಗ ಬಿಡಿಸುವ ಉಪಾಯ ಇನ್ನೂ ಯಾರಿಗೂ ಗೊತ್ತಿಲ್ಲದ ಲೆಕ್ಕಗಳ ಗುಂಪಿನದು) ಅಂತ ಇತಾಯ್, ಪಾಪಡಿಮಿಟ್ರಿಯು, ಶ್ವಾರ್ಕ್‌ಫಿಟರ್ 1982ರಲ್ಲೇ ತೋರಿಸಿದ್ದಾರೆ. ಸದ್ಯಕ್ಕೆ 6×6 ಹಲಗೆ ಮಾಡಿಕೊಟ್ಟಿದ್ದೇನೆ. ಅಷ್ಟಕ್ಕೆ ಬ್ಯಾಕ್‌ಟ್ರ್ಯಾಕಿಂಗ್, ಅಂದರೆ ದಾರಿ ಕಟ್ಟಿದಾಗ ಹಿಂದೆ ಬಂದು ಇನ್ನೊಂದು ದಾರಿ ನೋಡುವುದು, ಸಾಕು.