ಹದಿನಾಲ್ಕು ತಿಂಗಳು ಪ್ರೊಬಯೋಟಿಕ್ ಕ್ಯಾಪ್ಸೂಲ್: ಇಂಡಿ ಬಸ್ಸಿನ ಪ್ರಯಾಣಿಕಳ ಲೆಕ್ಕ

ದಿನಾ ವಿಜಯಪುರದಿಂದ ಇಂಡಿಗೆ ಬಸ್ಸಿನಲ್ಲಿ ಹೋಗಿ ಬರುವ ನೌಕರಿ ನನ್ನದು. ಹೊಟ್ಟೆ ನೆಟ್ಟಗಿಲ್ಲದವರಿಗೆ ಬಸ್ ಪ್ರಯಾಣ ಅಂದರೆ ಏನು ಅಂತ ಅನುಭವಿಸಿದವರಿಗೇ ಗೊತ್ತು. ಬಾಗಿಲ ಹತ್ತಿರದ ಸೀಟು ಸಿಗದಿದ್ದರೆ ಆ ಬಸ್ಸನ್ನೇ ಬಿಟ್ಟುಬಿಡುತ್ತಿದ್ದೆ. ದಾರಿಯಲ್ಲಿ ಯಾವ ಪೆಟ್ರೋಲ್ ಬಂಕಿನ ಶೌಚಾಲಯಕ್ಕೆ ಬೀಗ ಇರುತ್ತದೆ, ಯಾವುದಕ್ಕೆ ಇರಲ್ಲ ಅನ್ನೋದು ಬಾಯಿಪಾಠ ಆಗಿತ್ತು.

ಶುರುವಾಗಿದ್ದು ಹಲ್ಲುನೋವಿನಿಂದ. ದವಡೆ ಬಾತಿತು, ಐದು ದಿನ ಆಂಟಿಬಯೋಟಿಕ್ ಕೊಟ್ಟರು. ಮೂರನೇ ದಿನಕ್ಕೆ ಭೇದಿ. ಹಲ್ಲಿನ ಕೀಟಾಣು ಯಾವುದು, ಕರುಳಿನಲ್ಲಿ ನಮಗೆ ಬೇಕಾದ ಬ್ಯಾಕ್ಟೀರಿಯಾ ಯಾವುದು ಅಂತ ಆ ಮಾತ್ರೆ ನೋಡುವುದಿಲ್ಲವಲ್ಲ. ಡಾಕ್ಟರ್ ಸ್ಯಾಕರೋಮೈಸಿಸ್ ಬೌಲಾರ್ಡಿ ಇರುವ ಪ್ರೊಬಯೋಟಿಕ್ ಪುಡಿ ಬರೆದುಕೊಟ್ಟರು. ಪ್ರೊಬಯೋಟಿಕ್ ಅಂದರೆ ಹೊಟ್ಟೆಗೆ ಒಳ್ಳೆಯದು ಅಂತ ಜೀವಂತವಾಗಿಯೇ ನುಂಗುವ ಸೂಕ್ಷ್ಮಜೀವಿ. ಬೌಲಾರ್ಡಿ ಬ್ಯಾಕ್ಟೀರಿಯಾ ಅಲ್ಲ, ಒಂದು ಜಾತಿಯ ಈಸ್ಟ್. ಅದಕ್ಕೇ ಆಂಟಿಬಯೋಟಿಕ್ ಇದನ್ನು ಕೊಲ್ಲುವುದಿಲ್ಲ. ಎರಡು ದಿನದಲ್ಲಿ ಭೇದಿ ನಿಂತಿತು.

ಆದರೆ ಹೊಟ್ಟೆ ಮೊದಲಿನಂತೆ ಆಗಲಿಲ್ಲ. ಉಬ್ಬರ, ಗುಡುಗುಡು, ಬೆಳಿಗ್ಗೆ ಮೂರು ಮೂರು ಸಲ ಓಡಾಟ. ಪರೀಕ್ಷೆ ಎಲ್ಲ ಮಾಡಿಸಿದೆ, ಏನೂ ಸಿಗಲಿಲ್ಲ. ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್) ಅಂದರು, ಅಂದರೆ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ಕರುಳು ಕೊಡುವ ತೊಂದರೆ. (ಮಲದಲ್ಲಿ ರಕ್ತ, ಜ್ವರ ಇದ್ದರೆ, ಸುಮ್ಮನೆ ತೂಕ ಇಳಿಯುತ್ತಿದ್ದರೆ ಇದನ್ನು ಓದೋದು ಬಿಟ್ಟು ಮೊದಲು ಡಾಕ್ಟರ್ ಹತ್ತಿರ ಹೋಗಿ.) ಆಗ ನಾನೇ ಮೆಡಿಕಲ್ ಶಾಪಿನಿಂದ ಏಳೆಂಟು ತಳಿಯ ಬ್ಯಾಕ್ಟೀರಿಯಾ ಇರುವ ಪ್ರೊಬಯೋಟಿಕ್ ಕ್ಯಾಪ್ಸೂಲ್ ತಂದೆ. ತಿಂಗಳಿಗೆ ಆರುನೂರು ರೂಪಾಯಿ ಹತ್ತಿರ. ಕಂಪನಿ ಹೆಸರು ಬರೆಯುವುದಿಲ್ಲ. ನಡುವೆ ಎರಡು ಸಲ ಬದಲಿಸಿದೆ, ಮೂರರದ್ದೂ ಕಥೆ ಹೆಚ್ಚುಕಡಿಮೆ ಒಂದೇ.

ಮಾಡಿದ ಒಂದು ಜಾಣ ಕೆಲಸ ಅಂದರೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಟ್ಟ ದಿನಕ್ಕೆ ಒಂದು ಕಾಟು (× ಗುರುತು) ಹಾಕುತ್ತಾ ಬಂದದ್ದು. ಮಾರ್ಚ್‌ನಲ್ಲಿ ಶುರು ಮಾಡಿದಾಗ 17 ಕಾಟು. ಮೇ ತಿಂಗಳಲ್ಲಿ 15. ಮೂರು ತಿಂಗಳಿಗೆ ಎರಡು ಕಾಟು ಕಡಿಮೆ!

ಮೇ ತಿಂಗಳ ಮಾತು ಬಂತು, ಹೇಳಿಬಿಡುತ್ತೇನೆ. ಒಂದು ಅಂಗಡಿಯಲ್ಲಿ ಹುಡುಗ ಸ್ಟ್ರಿಪ್ ತೆಗೆದುಕೊಟ್ಟ, ಕೈಗೆ ಬೆಚ್ಚಗೆ ಹತ್ತಿತು. ಮಧ್ಯಾಹ್ನದ ಬಿಸಿಲು ನೇರ ಆ ಕಪಾಟಿಗೇ ಬೀಳುತ್ತಿತ್ತು. ಡಬ್ಬಿ ಮೇಲೆ ‘25 ಡಿಗ್ರಿಗಿಂತ ಕೆಳಗೆ ಇಡಿ’ ಅಂತ ಸಣ್ಣ ಅಕ್ಷರದಲ್ಲಿದೆ. ನಮ್ಮೂರಲ್ಲಿ ಮೇ ತಿಂಗಳು ಹಗಲು ನಲವತ್ತು ದಾಟುತ್ತದೆ, ರಾತ್ರಿ ಹನ್ನೊಂದಕ್ಕೂ 25 ಎಲ್ಲಿಂದ ಬರಬೇಕು? ಲ್ಯಾಕ್ಟೋಬ್ಯಾಸಿಲಸ್, ಬಿಫಿಡೋಬ್ಯಾಕ್ಟೀರಿಯಂ ಜಾತಿಯವು ಸೆಖೆಗೆ ಬೇಗ ಸಾಯುತ್ತವೆ. ಸತ್ತ ಬ್ಯಾಕ್ಟೀರಿಯಾಗೆ ಆರುನೂರು ಕೊಟ್ಟಂತೆ. ಬ್ಯಾಸಿಲಸ್ ಕ್ಲಾಸಿ, ಬ್ಯಾಸಿಲಸ್ ಕೊಆಗ್ಯುಲನ್ಸ್ ಅಂಥವು ಬೀಜದ ಹಾಗೆ ಗಟ್ಟಿ ಕವಚದೊಳಗೆ ಕೂತಿರುತ್ತವೆ, ಅವು ತಡೆದುಕೊಳ್ಳುತ್ತವೆ. ಸಿಎಫ್‌ಯು, ಅಂದರೆ ಜೀವಂತ ಬ್ಯಾಕ್ಟೀರಿಯಾ ಲೆಕ್ಕ, ತಯಾರಾದ ದಿನದ್ದೋ ಎಕ್ಸ್‌ಪೈರಿ ದಿನದವರೆಗಿನದ್ದೋ ಅಂತಲೂ ನೋಡಿ. ನಾನು ನೋಡಿರಲಿಲ್ಲ.

ಜೂನ್‌ನಲ್ಲಿ ದೊಡ್ಡ ತಪ್ಪು ಮಾಡಿದೆ. ಒಳ್ಳೆ ಬ್ಯಾಕ್ಟೀರಿಯಾಗೆ ನಾರು ಬೇಕು, ಉಳ್ಳಾಗಡ್ಡಿ ಬಳ್ಳೊಳ್ಳಿ ಅದಕ್ಕೆ ಮೃಷ್ಟಾನ್ನ ಅಂತ ಎಲ್ಲೋ ಓದಿದೆ. ಸರಿ, ಎರಡೂ ಹೊತ್ತು ಹಸಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಹಾಕಿದ ಶೇಂಗಾ ಹಿಂಡಿ, ಮಡಕಿಕಾಳು ಪಲ್ಯ. ನಾಲ್ಕನೇ ದಿನ ದಾರಿ ಮಧ್ಯೆ ಬಸ್ ನಿಲ್ಲಿಸಿದೆ. ಕಂಡಕ್ಟರ್ ಪಾಪ ಏನೂ ಕೇಳಲಿಲ್ಲ. ಅದಕ್ಕೇ ನನಗೆ ಜಾಸ್ತಿ ನಾಚಿಕೆ ಆಯಿತು. ಆ ತಿಂಗಳು 19 ಕಾಟು.

ಓದಿದ್ದು ಸುಳ್ಳಲ್ಲ. ಉಳ್ಳಾಗಡ್ಡಿಯಲ್ಲಿ ಫ್ರಕ್ಟಾನ್ ಅನ್ನೋದು ಇರುತ್ತದೆ, ನಮಗೆ ಜೀರ್ಣ ಆಗುವುದಿಲ್ಲ, ಬ್ಯಾಕ್ಟೀರಿಯಾ ತಿಂದು ಗ್ಯಾಸ್ ಬಿಡುತ್ತವೆ. ಗಟ್ಟಿ ಹೊಟ್ಟೆಯವರಿಗೆ ಅದು ಒಳ್ಳೆಯದೇ. ಐಬಿಎಸ್ ಇದ್ದವರಿಗೆ ಅದೇ ಕಾಟ. ಆಮೇಲೆ ಡಯಟಿಷಿಯನ್ ಒಬ್ಬರು ಹೇಳಿದ್ದು: ಗೋದಿಯಲ್ಲೂ ಫ್ರಕ್ಟಾನ್ ಇದೆ, ಜೋಳದಲ್ಲಿ ತೀರಾ ಕಡಿಮೆ. ನಾನು ತೂಕ ಇಳಿಸೋಕೆ ಅಂತ ಎರಡು ವರ್ಷದಿಂದ ರೊಟ್ಟಿ ಬಿಟ್ಟು ಚಪಾತಿ ತಿನ್ನುತ್ತಿದ್ದೆ! ವಿಜಯಪುರದಲ್ಲಿ ಹುಟ್ಟಿ ಜೋಳ ಬಿಟ್ಟವಳಿಗೆ ಇಷ್ಟು ಆಗಬೇಕಾದ್ದೇ.

ಜುಲೈನಿಂದ ಬಿಸಿ ರೊಟ್ಟಿ. ಬಳ್ಳೊಳ್ಳಿ ಎಣ್ಣೆಯಲ್ಲಿ ಕೆಂಪಗೆ ಹುರಿದು ತೆಗೆದುಬಿಡುತ್ತೇನೆ. ಫ್ರಕ್ಟಾನ್ ಎಣ್ಣೆಗೆ ಇಳಿಯುವುದಿಲ್ಲ, ಘಮ ಮಾತ್ರ ಇಳಿಯುತ್ತದೆ. ಹೆಸರುಕಾಳು ಮೊಳಕೆ ಬರಿಸಿ, ಬೇಯಿಸಿ, ಒಂದು ಹಿಡಿ ಅಷ್ಟೇ. ಅಗಸಿ ಹಿಂಡಿ ಒಂದು ಚಮಚ. ಮಧ್ಯಾಹ್ನ ಒಂದು ಲೋಟ ಮಜ್ಜಿಗೆ.

ಮಜ್ಜಿಗೆ ವಿಷಯಕ್ಕೆ ಮನೆಯಲ್ಲಿ ಜಗಳವೇ ಆಗಿದೆ. ಅವ್ವ ಅಂದಳು, “ಆ ಗುಳಿಗ್ಯಾಗ ಇರೂದು ನನ್ನ ಗಡಿಗ್ಯಾಗೂ ಐತಿ, ಸುಮ್ನ ರೊಕ್ಕ ಕಳೀಬ್ಯಾಡ.” ಅವಳ ಮಾತು ಅರ್ಧ ಸರಿ. ಗಡಿಗೆಯ ಮೊಸರಿನಲ್ಲಿ ಜೀವಂತ ಬ್ಯಾಕ್ಟೀರಿಯಾ ಇರುವುದು ನಿಜ. ಯಾವ ತಳಿ, ಎಷ್ಟು ಅಂತ ಯಾರೂ ಎಣಿಸಿಲ್ಲ, ಮನೆಮನೆಗೂ ಹೆಪ್ಪು ಬೇರೆ. ಅದನ್ನೇ ಅವಳು ಒಲೆ ಮೇಲೆ ಕುದಿಸಿ ಕಢಿ ಮಾಡಿ ಇದೂ ಅದೇ ಅಂದಾಗ ಮಾತ್ರ ನಾನು ಸುಮ್ಮನಿರಲಿಲ್ಲ. ಕುದ್ದರೆ ಎಲ್ಲ ಸಾಯುತ್ತವೆ. ಹುದುಗಿದ ಇಡ್ಲಿ ಹಿಟ್ಟೂ ಅಷ್ಟೇ, ಹಬೆಯಲ್ಲಿ ಬೆಂದ ಮೇಲೆ ಪ್ರೊಬಯೋಟಿಕ್ ಅಲ್ಲ. ರುಚಿಗೆ ತಿನ್ನಿ.

ಜುಲೈನಲ್ಲಿ 9 ಕಾಟು, ಆಗಸ್ಟ್‌ನಲ್ಲಿ 8. ಆಗ ಅನುಮಾನ ಬಂತು. ಇದು ಕ್ಯಾಪ್ಸೂಲ್ ಕೆಲಸವೋ ರೊಟ್ಟಿಯ ಕೆಲಸವೋ? ನವೆಂಬರ್, ಡಿಸೆಂಬರ್ ಎರಡು ತಿಂಗಳು ಕ್ಯಾಪ್ಸೂಲ್ ಪೂರ್ತಿ ನಿಲ್ಲಿಸಿದೆ. 7, ಆಮೇಲೆ 8. ವ್ಯತ್ಯಾಸವೇ ಇಲ್ಲ. ಜನವರಿಯಲ್ಲಿ ಸಿದ್ಧೇಶ್ವರ ಜಾತ್ರೆಗೆ ಹೋಗಿ ಮಿರ್ಚಿ ಭಜಿ ಹೊಡೆದೆ, ಮೂರು ದಿನ ಮಲಗಿದೆ. ಭಜಿ ತಪ್ಪನ್ನು ಕ್ಯಾಪ್ಸೂಲ್ ಇಲ್ಲದ್ದಕ್ಕೆ ಹಾಕಿ ಮತ್ತೆ ಶುರು ಮಾಡಿದೆ. ಫೆಬ್ರವರಿಯಲ್ಲಿ ಮತ್ತೆ ಅದೇ 7.

ಇದು ಒಬ್ಬಳ ಕ್ಯಾಲೆಂಡರ್, ಸಂಶೋಧನೆ ಅಲ್ಲ. ಆದರೆ ಅಮೆರಿಕದ ಗ್ಯಾಸ್ಟ್ರೋಎಂಟರಾಲಜಿ ವೈದ್ಯರ ಸಂಘವೂ 2020ರ ಮಾರ್ಗಸೂಚಿಯಲ್ಲಿ ಐಬಿಎಸ್‌ಗೆ ಪ್ರೊಬಯೋಟಿಕ್ ಅನ್ನು ಅಧ್ಯಯನದ ಭಾಗವಾಗಿ ಮಾತ್ರ ಕೊಡಿ ಅಂದಿದೆ. ಕೆಲವರಿಗೆ ಕೆಲವು ತಳಿ ಹಿಡಿಸಬಹುದು. ಒಂದು ತಿಂಗಳು ನೋಡಿ, ಫರಕು ಕಾಣದಿದ್ದರೆ ಬಿಡಿ. ನನ್ನ ಹಾಗೆ ವರ್ಷಗಟ್ಟಲೆ ಎಳೆಯಬೇಡಿ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ರೋಗನಿರೋಧಕ ಶಕ್ತಿ ಕುಗ್ಗಿದವರು ಡಾಕ್ಟರನ್ನು ಕೇಳದೆ ಮುಟ್ಟಲೇಬೇಡಿ. ಅಪರೂಪಕ್ಕೆ ಇವೇ ರಕ್ತಕ್ಕೆ ಸೇರಿ ಸೋಂಕು ತರುತ್ತವೆ.

ಮಾರ್ಚ್‌ನಲ್ಲಿ ಕೆಮ್ಮಿಗೆ ಮತ್ತೆ ಆಂಟಿಬಯೋಟಿಕ್ ಬಂತು. ಈ ಸಲ ಡಾಕ್ಟರನ್ನು ಕೇಳಿ ಮೊದಲ ದಿನದಿಂದಲೇ ಬೌಲಾರ್ಡಿ ಪುಡಿ ತಗೊಂಡೆ. ಭೇದಿ ಆಗಲಿಲ್ಲ. ಅದರ ಎರಡು ಪ್ಯಾಕೆಟ್ ಈಗಲೂ ಮನೆಯಲ್ಲಿ ಇವೆ. ದಿನದ ಕ್ಯಾಪ್ಸೂಲ್ ಏಪ್ರಿಲ್ ಕೊನೆಗೆ ಮುಗಿಯಿತು, ಮತ್ತೆ ತಂದಿಲ್ಲ. ಆ ದುಡ್ಡಿನಲ್ಲಿ ಬಿಳಿಜೋಳ ಬರುತ್ತಿದೆ.

ಅಂಕ: ಬೌಲಾರ್ಡಿ ಪುಡಿಗೆ 5ಕ್ಕೆ 4. ದಿನದ ಕ್ಯಾಪ್ಸೂಲಿಗೆ 2, ಬೇಸಿಗೆಯಲ್ಲಿ ಕೊಂಡರೆ 1. ಅವ್ವನ ಮಜ್ಜಿಗೆಗೆ ಅಂಕ ಹಾಕಿದರೆ ನಾಳೆ ಊಟ ಸಿಗಲ್ಲ.